ಗಂಟು ತೇಯ್ದಿದೆ ಅಂತ ಅಮ್ಮ ನಡೆಯುವುದನ್ನೇ ಬಿಟ್ಟಿದ್ದಾರೆ: ಗಂಟುನೋವಿನ ಪ್ರಶ್ನೋತ್ತರ

ಪ್ರಶ್ನೆ (ಮಗಳು, ಮಂಗಳೂರು):

ಮೇಡಂ, ನಮಸ್ಕಾರ. ಅಮ್ಮನಿಗೆ 68. ಬ್ರಹ್ಮಾವರದ ಹತ್ತಿರ ಊರಮನೆಯಲ್ಲಿ ಅಣ್ಣನ ಜೊತೆ ಇದ್ದಾರೆ. ಎರಡು ವರ್ಷದಿಂದ ಎರಡೂ ಮೊಣಕಾಲಿನ ಗಂಟು ನೋವು, ಬಲದ್ದು ಜಾಸ್ತಿ. ಎಕ್ಸ್‌ರೇ ತೆಗೆಸಿದಾಗ "ಗಂಟು ತೇಯ್ದಿದೆ, ವಯಸ್ಸಾಯ್ತಲ್ಲ" ಅಂದರು. ಅಷ್ಟು ಕೇಳಿದ್ದೇ ತಡ, ಅಮ್ಮ ನಡೆಯುವುದನ್ನೇ ಬಿಟ್ಟರು. ನಡೆದಷ್ಟೂ ತೇಯ್ತದೆ ಅಂತ ಅವರ ಲೆಕ್ಕ. ದಿನಾ ತೋಟಕ್ಕೆ ಹೋಗಿ ಬರುತ್ತಿದ್ದವರು ಈಗ ಚಾವಡಿಯಿಂದ ಬಚ್ಚಲಿಗೆ, ಬಚ್ಚಲಿನಿಂದ ಚಾವಡಿಗೆ. ಕೃಷ್ಣಮಠಕ್ಕೆ ಹೋಗುವುದೂ ನಿಂತಿತು. ಬೆಳಿಗ್ಗೆ ಎದ್ದಾಗ ಹತ್ತು ನಿಮಿಷ ಕಾಲು ಹಿಡಿದ ಹಾಗೆ ಇರ್ತದೆ, ಮತ್ತೆ ಸರಿಯಾಗ್ತದೆ. ಸಂಜೆಗೆ ನೋವು ಹೆಚ್ಚು. ಮೆಡಿಕಲ್‌ನಿಂದ ತಂದ ಅಸಿಕ್ಲೊಫೆನಾಕ್ ಮಾತ್ರೆ ದಿನಾ ಒಂದು, ಸುಮಾರು ಎಂಟು ತಿಂಗಳಿಂದ. ಬಿ.ಪಿ.ಗೆ ಟೆಲ್ಮಿಸಾರ್ಟಾನ್, ಹೈಡ್ರೊಕ್ಲೋರೊಥಯಾಜೈಡ್ ಸೇರಿದ ಮಾತ್ರೆ ಉಂಟು. ಸಂಜೆ ಪಾದ ಸ್ವಲ್ಪ ಬಾತಿರ್ತದೆ. ನಾವೇನು ಮಾಡಬೇಕು?

ಉತ್ತರ (ಫಿಸಿಯೋಥೆರಪಿಸ್ಟ್, ಉಡುಪಿ):

ಗಂಟಿನ ವಿಷಯ ಆಮೇಲೆ ಹೇಳ್ತೇನೆ, ಮೊದಲು ಆ ಮಾತ್ರೆಯ ವಿಷಯ. ಅಮ್ಮನ ಬಿ.ಪಿ. ಮಾತ್ರೆಯಲ್ಲಿರುವ ಎರಡು ಮದ್ದಿನ ಜೊತೆಗೆ ಅಸಿಕ್ಲೊಫೆನಾಕ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ದಿನಾ ಸೇರಿದರೆ ಕಿಡ್ನಿಗೆ ಮೂರು ಕಡೆಯಿಂದ ಒತ್ತಡ ಬೀಳ್ತದೆ. ಬಿ.ಪಿ. ಏರಬಹುದು, ಕಾಲು ಬಾಯಬಹುದು, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು. ಆದ್ದರಿಂದ ಈ ವಾರವೇ ಬಿ.ಪಿ. ನೋಡುವ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಎಂಟು ತಿಂಗಳಿಂದ ತಿನ್ನುತ್ತಿದ್ದಾರೆ ಅಂತ ಬಿಡಿಸಿ ಹೇಳಿ, ಮಾತ್ರೆಯ ಹಾಳೆಯನ್ನೂ ತೋರಿಸಿ. ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್, ಜೊತೆಗೆ ಪೊಟ್ಯಾಸಿಯಂ, ಹಿಮೋಗ್ಲೋಬಿನ್ ರಕ್ತಪರೀಕ್ಷೆ ಮಾಡಿಸಿ. ನೋವಿನ ಮಾತ್ರೆ ಅಲ್ಲಿಯವರೆಗೆ ಬೇಡ. ಆದರೆ ಬಿ.ಪಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಬದಲಿಸುವುದು ಡಾಕ್ಟರ ಕೆಲಸ. ಮಲ ಕಪ್ಪಗೆ ಡಾಂಬರಿನ ಹಾಗೆ ಹೋದರೆ ಮಾತ್ರ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ.

ಇನ್ನು 'ತೇಯ್ದಿದೆ' ಎಂಬ ಮಾತು. ಚಪ್ಪಲಿ ತೇಯ್ದ ಹಾಗೆ ಗಂಟು ತೇಯುವುದಲ್ಲ. ಎಲುಬಿನ ತುದಿಗೆ ಹೊದಿಸಿದ ಮೃದ್ವಸ್ಥಿಗೆ ರಕ್ತನಾಳ ಇಲ್ಲ. ಅದಕ್ಕೆ ಆಹಾರ ಸಿಗುವುದು ಗಂಟಿನೊಳಗಿನ ದ್ರವದಿಂದ. ಕಾಲೂರಿದಾಗ ಒತ್ತಿ, ಎತ್ತಿದಾಗ ಬಿಟ್ಟು, ನೀರಲ್ಲಿ ಅದ್ದಿದ ಸ್ಪಂಜಿನ ಹಾಗೆ ಅದು ಆ ದ್ರವವನ್ನು ಹೀರಿಕೊಳ್ತದೆ. ನಡೆಯದೆ ಕೂತರೆ ಅದಕ್ಕೆ ಉಪವಾಸ. ಅದಕ್ಕಿಂತ ದೊಡ್ಡ ನಷ್ಟ ತೊಡೆಯ ಮುಂಭಾಗದ ಸ್ನಾಯುವಿನದು. ಕಾಲೂರಿದಾಗ ಬೀಳುವ ಹೊಡೆತವನ್ನು ಮೊದಲು ತಡೆದುಕೊಳ್ಳುವುದು ಅದೇ. ಅದು ಸೊರಗಿದರೆ ಅಷ್ಟೂ ಭಾರ ಗಂಟಿನ ಮೇಲೆ. ನಾನು ಮನೆಗಳಿಗೆ ಹೋದಾಗ ಮೊದಲು ಮುಟ್ಟಿ ನೋಡುವುದು ತೊಡೆಯನ್ನು. ನಡಿಗೆ ಬಿಟ್ಟು ಆರು ತಿಂಗಳಾದವರ ತೊಡೆ ಬೆರಳಿಗೆ ಹಳೆಯ ಹತ್ತಿಯ ದಿಂಬಿನ ಹಾಗೆ ಸಿಗ್ತದೆ. ಎಕ್ಸ್‌ರೇ ತುಂಬ ಕೆಟ್ಟದಾಗಿ ಕಂಡವರು ಮೆಟ್ಟಿಲು ಹತ್ತುವುದನ್ನೂ ನೋಡಿದ್ದೇನೆ, ಚೆನ್ನಾಗಿ ಕಂಡವರು ಅಳುವುದನ್ನೂ ನೋಡಿದ್ದೇನೆ. ಫಿಲ್ಮ್ ಒಂದನ್ನೇ ನೋಡಿ ಅಮ್ಮ ತೀರ್ಮಾನ ಮಾಡುವುದು ಬೇಡ.

ನಾಳೆಯಿಂದಲೇ ಶುರು ಮಾಡಿ. ಅಮ್ಮ ಮಂಚದಲ್ಲಿ ಕಾಲು ಚಾಚಿ ಕೂರಲಿ. ಒಂದು ಬೈರಾಸನ್ನು (ಟವೆಲ್) ಗಟ್ಟಿಯಾಗಿ ಸುರುಳಿ ಸುತ್ತಿ ಮೊಣಕಾಲಿನ ಅಡಿಗೆ ಇಡಿ. ಆ ಸುರುಳಿಯನ್ನು ಗಂಟಿನಿಂದ ಕೆಳಗೆ ಒತ್ತಬೇಕು, ಐದು ಎಣಿಸುವಷ್ಟು ಹೊತ್ತು ಒತ್ತಿ ಬಿಡಬೇಕು. ಉಸಿರು ಕಟ್ಟಬಾರದು, ಗಟ್ಟಿಯಾಗಿ ಎಣಿಸಲು ಹೇಳಿ. ನೀವು ತೊಡೆಯ ಮೇಲೆ ಕೈಯಿಟ್ಟು ನೋಡಿ, ಸ್ನಾಯು ಬಿಗಿಯುವುದು ಗೊತ್ತಾಗಬೇಕು. ಒಂದೊಂದು ಕಾಲಿಗೆ ಹತ್ತು ಸಲ, ಬೆಳಿಗ್ಗೆ ಮತ್ತು ಸಂಜೆ. ಒಂದು ವಾರ ಕಳೆದ ಮೇಲೆ ಎರಡನೆಯದು: ಗೋಡೆಗೆ ತಾಗಿಸಿಟ್ಟ ಗಟ್ಟಿ ಕುರ್ಚಿಯಿಂದ ಕೈಯೂರದೆ ಏಳುವುದು, ನಿಧಾನಕ್ಕೆ ಕೂರುವುದು. ಆಗದಿದ್ದರೆ ಕುರ್ಚಿಯ ಮೇಲೆ ದಿಂಬು ಇಟ್ಟು ಎತ್ತರ ಮಾಡಿ. ಐದು ಸಲದಿಂದ ಶುರು ಮಾಡಿ ಹತ್ತಕ್ಕೆ ಬನ್ನಿ. ಒಲೆಯಲ್ಲಿ ಕುಚ್ಚಲಕ್ಕಿ ಬೇಯುವ ಹೊತ್ತು ಇದಕ್ಕೆಲ್ಲ ಧಾರಾಳ ಸಾಕು.

ಮಾಡುವಾಗ ಸ್ವಲ್ಪ ನೋಯ್ತದೆ, ಹೆದರಬೇಡಿ. ಹೆಚ್ಚಾದ ನೋವು ಮರುದಿನ ಬೆಳಿಗ್ಗೆಯೂ ಹಾಗೇ ಇದ್ದರೆ ಅರ್ಧಕ್ಕೆ ಇಳಿಸಿ, ಬಿಡಬೇಡಿ. ಗುಣ ಕಾಣಲು ಆರರಿಂದ ಎಂಟು ವಾರ ಬೇಕು. ಹೆಚ್ಚಿನವರು ಮೂರನೇ ವಾರಕ್ಕೆ ಬಿಟ್ಟುಬಿಡ್ತಾರೆ, ನನಗೆ ತುಂಬ ಬೇಸರವಾಗುವುದು ಅಲ್ಲಿ.

ಅಡುಗೆಮನೆಯಲ್ಲೂ ಒಂದು ಬದಲಾವಣೆ ಬೇಕು. ಮೆಟ್ಟುಕತ್ತಿ, ಹೆರೆಮಣೆ ಎರಡಕ್ಕೂ ನೆಲಕ್ಕೆ ಕೂತು ಒಂದು ಕಾಲು ಮಡಚಬೇಕು, ಮತ್ತೆ ಕೈಯೂರಿ ಏಳಬೇಕು. ಮೇಜಿನ ಅಂಚಿಗೆ ತಿರುಪು ಹಾಕಿ ಬಿಗಿಯುವ ಕಾಯಿ ತುರಿಯುವ ಯಂತ್ರ ತಂದುಕೊಡಿ. ಕಕ್ಕಸಿಗೆ ಕಮೋಡ್, ಗೋಡೆಗೆ ಹಿಡಿಕೆ. ಕೋಲು ಹಿಡಿಯುವುದಾದರೆ ನೋವು ಬಲಗಾಲಿನದಾದ್ದರಿಂದ ಎಡಗೈಯಲ್ಲಿ, ಹೆಚ್ಚಿನವರು ಇದನ್ನು ತಪ್ಪು ಮಾಡ್ತಾರೆ. ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆಗೆ ಕೋಲಿನ ಹಿಡಿ ಬರಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ತೂಕ ಜಾಸ್ತಿ ಇದ್ದರೆ, ಒಂದು ಕೆಜಿ ಇಳಿದರೆ ಒಂದೊಂದು ಹೆಜ್ಜೆಗೆ ಗಂಟಿನ ಮೇಲೆ ಸುಮಾರು ನಾಲ್ಕು ಕೆಜಿ ಭಾರ ಕಡಿಮೆಯಾಗ್ತದೆ.

ಎಣ್ಣೆ ತಿಕ್ಕಿ ಹಂಡೆಯ ಬಿಸಿನೀರು ಹೊಯ್ದರೆ ಹಿತ ಆಗ್ತದೆ, ಧಾರಾಳ ಮಾಡಿ. ಆದರೆ ಗಂಟು ಕೆಂಪಾಗಿ, ಮುಟ್ಟಿದರೆ ಬೆಚ್ಚಗೆ ಬಾತಿದ್ದರೆ ತಿಕ್ಕಬೇಡಿ.

ಪ್ರಶ್ನೆ (ಬೀಡಿ ಕಟ್ಟುವವರು, ವಿಟ್ಲ):

ನನಗೆ 57 ವರ್ಷ. ಮೂವತ್ತು ವರ್ಷದಿಂದ ಬೀಡಿ ಕಟ್ಟುವುದು. ನಾಲ್ಕು ತಿಂಗಳಿಂದ ಎರಡೂ ಕೈಯ ಬೆರಳಿನ ಬುಡದ ಗಂಟು, ಮಣಿಕಟ್ಟು ಬಾತಿದೆ. ಬೆಳಿಗ್ಗೆ ಎದ್ದರೆ ಒಂಬತ್ತು ಗಂಟೆವರೆಗೆ ಮುಷ್ಟಿ ಮಡಚಲಿಕ್ಕೆ ಆಗುವುದಿಲ್ಲ, ಚಾದ ಗ್ಲಾಸು ಎರಡು ಕೈಯಲ್ಲಿ ಹಿಡಿಯಬೇಕು. ಸುಸ್ತು ಬೇರೆ. ಬೀಡಿ ಕಟ್ಟಿ ಕಟ್ಟಿ ಆದದ್ದು ಅಂತ ಎಲ್ಲರೂ ಹೇಳ್ತಾರೆ. ನಿಮ್ಮ ಬೈರಾಸಿನ ವ್ಯಾಯಾಮ ನಾನೂ ಮಾಡಬಹುದಾ ಮೇಡಂ?

ಉತ್ತರ:

ಅಕ್ಕ, ನಿಮ್ಮದು ಬೇರೆ ರೋಗ ಇರಬಹುದು. ದಯವಿಟ್ಟು ಇನ್ನೊಂದು ತಿಂಗಳು ಕಾಯಬೇಡಿ.

ನಮ್ಮಲ್ಲಿ ಎಲ್ಲದಕ್ಕೂ 'ವಾತ' ಎಂಬ ಒಂದೇ ಹೆಸರು, ಅಪಾಯ ಇರುವುದು ಅಲ್ಲೇ. ಬೀಡಿ ಕಟ್ಟುವವರಿಗೆ ಹೆಬ್ಬೆರಳಿನ ಬುಡ ಸವೆದು ನೋವು ಬರುವುದುಂಟು. ಅದು ಕೆಲಸ ಮಾಡಿದಾಗ ಹೆಚ್ಚು, ಬಿಟ್ಟಾಗ ಕಡಿಮೆ. ನೀವು ಹೇಳುವುದು ಅದಕ್ಕೆ ಉಲ್ಟಾ. ರಾತ್ರಿಯಿಡೀ ಸುಮ್ಮನಿದ್ದ ಕೈ ಬೆಳಿಗ್ಗೆ ಗಂಟೆಗಟ್ಟಲೆ ಬಿಗಿದಿರುವುದು, ಎರಡೂ ಕೈಯ ಅದೇ ಗಂಟುಗಳು ಬಾಯುವುದು, ಜೊತೆಗೆ ಸುಸ್ತು. ಇದನ್ನೆಲ್ಲ ನೋಡಿದರೆ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಸಂಶಯ ಬರ್ತದೆ. ದೇಹದ ರಕ್ಷಣಾ ವ್ಯವಸ್ಥೆಯೇ ಗಂಟಿನ ಒಳಪದರದ ಮೇಲೆ ಎರಗುವ ರೋಗ ಅದು. ಇದಕ್ಕೆ ಬೈರಾಸು ಸಾಲದು. ಬೇಗ ಮದ್ದು ಶುರುವಾದರೆ ಬೆರಳು ಸೊಟ್ಟಗಾಗುವುದನ್ನು ತಡೆಯಬಹುದು, ತಡವಾಗಿ ಸೊಟ್ಟಗಾದದ್ದನ್ನು ಮದ್ದು ನೆಟ್ಟಗೆ ಮಾಡುವುದಿಲ್ಲ.

ಮಂಗಳೂರಿಗೆ ವೆನ್‌ಲಾಕ್ ಸರಕಾರಿ ಆಸ್ಪತ್ರೆಗೆ ಹೋದರೆ ಮೆಡಿಸಿನ್ ವಿಭಾಗದಲ್ಲಿ ತೋರಿಸಿ. ಇ.ಎಸ್.ಆರ್., ಸಿ.ಆರ್.ಪಿ., ಆರ್.ಎ. ಫ್ಯಾಕ್ಟರ್, ಆಂಟಿ ಸಿ.ಸಿ.ಪಿ. ಎಂಬ ರಕ್ತಪರೀಕ್ಷೆಗಳನ್ನು ಬರೆಯಬಹುದು. ಆರ್.ಎ. ಫ್ಯಾಕ್ಟರ್ ನೆಗೆಟಿವ್ ಬಂದರೂ ರೋಗ ಇರಬಹುದು, ಆದ್ದರಿಂದ ರಿಪೋರ್ಟ್ ನೋಡಿ ನೀವೇ ಸಮಾಧಾನ ಮಾಡಿಕೊಂಡು ಮನೆಗೆ ಬರಬೇಡಿ. ಮೊದಲು ಜ್ವರ ಬಂದಿತ್ತಾ ಎನ್ನುವುದನ್ನೂ ಹೇಳಿ. 2008ರಲ್ಲಿ ನಮ್ಮ ದಕ್ಷಿಣ ಕನ್ನಡದಲ್ಲಿ ಚಿಕೂನ್‌ಗುನ್ಯಾ ಹರಡಿದಾಗ ಜ್ವರ ವಾರದಲ್ಲಿ ಇಳಿದರೂ ಗಂಟುನೋವು ತಿಂಗಳುಗಟ್ಟಲೆ ಉಳಿದವರು ಎಷ್ಟೋ ಮಂದಿ.

ಮೆಥೊಟ್ರೆಕ್ಸೇಟ್ ಮಾತ್ರೆ ಬರೆದರೆ ಅದು ವಾರಕ್ಕೆ ಒಂದೇ ದಿನ. ಬೇರೆ ಮಾತ್ರೆಯ ಹಾಗೆ ದಿನಾ ತಿಂದು ಜೀವಕ್ಕೆ ಅಪಾಯ ತಂದುಕೊಂಡವರಿದ್ದಾರೆ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ, ಮನೆಯ ಇನ್ನೊಬ್ಬರಿಗೂ ಹೇಳಿಡಿ. ಮತ್ತೆ, ಹೆಸರಿಲ್ಲದ ಪೊಟ್ಟಣದಲ್ಲಿ 'ವಾತದ ಪುಡಿ' ಕೊಡುವವರ ಹತ್ತಿರ ಹೋಗಬೇಡಿ ಅಕ್ಕ. ಎರಡೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟೆರಾಯ್ಡ್ ಬೆರೆಸಿದ್ದಾರೋ ಎಂದು ಸಂಶಯ ಪಡಲೇಬೇಕು. ಮುಖ ದುಂಡಗಾಗ್ತದೆ, ಸಕ್ಕರೆ ಏರ್ತದೆ, ಎಲುಬು ಟೊಳ್ಳಾಗ್ತದೆ. ಈಗಾಗಲೇ ತಿಂಗಳುಗಟ್ಟಲೆ ತಿನ್ನುತ್ತಿರುವವರು ಥಟ್ಟನೆ ನಿಲ್ಲಿಸುವುದೂ ಅಪಾಯ. ಪೊಟ್ಟಣ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ (ಮಲ್ಪೆ):

ಕಾಲಿನ ಹೆಬ್ಬೆರಳಿನ ಗಂಟು ರಾತ್ರಿ ಒಮ್ಮೆಲೇ ಕೆಂಪಾಗಿ ಬಾತು ಹೊದಿಕೆ ತಾಗಿದರೂ ಜೀವ ಹೋಗುವಷ್ಟು ನೋವು. ಯೂರಿಕ್ ಆಸಿಡ್ ನಾರ್ಮಲ್ ಬಂತು. ಮೀನು ಬಿಡು ಅಂತಾರೆ. ಮೀನಿನ ಕೆಲಸದವನು ನಾನು, ಮೀನು ಬಿಟ್ಟು ಊಟ ಹೇಗೆ?

ಉತ್ತರ:

ಅಣ್ಣ, ಇದು ಗೌಟ್‌ನ ಲಕ್ಷಣ, ಯೂರಿಕ್ ಆಸಿಡ್ ಗಂಟಿನಲ್ಲಿ ಹರಳುಗಟ್ಟುವ ರೋಗ ಅದು. ನೋವು ಜೋರಾಗಿರುವಾಗ ಯೂರಿಕ್ ಆಸಿಡ್ ನಾರ್ಮಲ್ ಬರುವುದುಂಟು. ನೋವಿಳಿದು ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿ. ಜ್ವರ, ಚಳಿ ಇದ್ದರಂತೂ ಆ ದಿನವೇ ತೋರಿಸಬೇಕು, ಗಂಟಿನೊಳಗೆ ಕೀವಾದರೂ ಹೀಗೇ ಕಾಣ್ತದೆ. ಮೀನು ಪೂರ್ತಿ ಬಿಡಬೇಕೆಂದಿಲ್ಲ. ಬೂತಾಯಿ, ಕೊಲ್ಲತರು, ಮರುವಾಯಿ ಕಡಿಮೆ ಮಾಡಿ. ಬಿಡಬೇಕಾದದ್ದು ಬಿಯರು, ಸಾರಾಯಿ. ಪದೇ ಪದೇ ಬಂದರೆ ಯೂರಿಕ್ ಆಸಿಡ್ ಇಳಿಸುವ ಮಾತ್ರೆಯನ್ನು ಡಾಕ್ಟರು ಕೊಡ್ತಾರೆ, ರಕ್ತದ ಯೂರಿಕ್ ಆಸಿಡನ್ನು 6ಕ್ಕಿಂತ ಕೆಳಗೆ ಇಡುವುದು ಗುರಿ. ಆ ಮಾತ್ರೆ ಶುರು ಮಾಡಿದ ಹೊಸತರಲ್ಲಿ ಇನ್ನೊಮ್ಮೆ ನೋವು ಬರಬಹುದು, ಮದ್ದು ಆಗಲಿಲ್ಲ ಅಂತ ಆಗ ಬಿಡಬೇಡಿ. ಮೇಲೆ ಬರೆದ ಅಮ್ಮನ ಬಿ.ಪಿ. ಮಾತ್ರೆಯಲ್ಲಿರುವ ಹೈಡ್ರೊಕ್ಲೋರೊಥಯಾಜೈಡ್ ಯೂರಿಕ್ ಆಸಿಡ್ ಏರಿಸ್ತದೆ. ನೀವೂ ಅದನ್ನೇ ತಿನ್ನುತ್ತಿದ್ದರೆ ಡಾಕ್ಟರಿಗೆ ಹೇಳಿ.

ಪ್ರಶ್ನೆ (ಉಳ್ಳಾಲ):

ನನ್ನ ತಂದೆಗೆ 74. ಗಂಟುನೋವಿದ್ದರೂ ನೆಲದಲ್ಲೇ ನಮಾಜ್ ಮಾಡಬೇಕೆಂದು ಹಟ. ಆಪರೇಷನ್ ಮಾಡಿಸಿ ಅಂತ ಒಬ್ಬರು, ಮಾಡಿಸಿದರೆ ಮಂಚ ಹಿಡೀತಾರೆ ಅಂತ ಇನ್ನೊಬ್ಬರು. ಖರ್ಚಿನ ಚಿಂತೆಯೂ ಉಂಟು.

ಉತ್ತರ:

ಆಗದವರು ಕೂತು ನಮಾಜ್ ಮಾಡಲು ಅವಕಾಶ ಇದ್ದೇ ಇದೆ. ಮಸೀದಿಯ ಉಸ್ತಾದರೇ ತಂದೆಗೆ ಒಂದು ಮಾತು ಹೇಳಲಿ, ನಮ್ಮ ಮಾತಿಗಿಂತ ಅದು ಬೇಗ ನಾಟ್ತದೆ. ಮಠದ ಊಟದ ಪಂಕ್ತಿಯಲ್ಲಿ, ಇಗರ್ಜಿಯಲ್ಲಿ ಮೊಣಕಾಲೂರುವಾಗಲೂ ಹಿರಿಯರಿಗೆ ಇದೇ ಸಂಕಟ. ಕುರ್ಚಿ ಕೇಳಲು ನಾಚಿಕೆಯಾಗಿ ಎಷ್ಟೋ ಮಂದಿ ಹೋಗುವುದನ್ನೇ ಬಿಡ್ತಾರೆ. ಮನೆಯವರು ಮೊದಲೇ ಹೋಗಿ ಕುರ್ಚಿ ಇಟ್ಟುಬಿಡಿ.

ಆಪರೇಷನ್ ಬೇಕೋ ಬೇಡವೋ ಎನ್ನುವುದಕ್ಕೆ ಎಕ್ಸ್‌ರೇ ಒಂದೇ ಸಾಲದು. ಮೂರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿದ ಮೇಲೂ ರಾತ್ರಿ ನೋವಿಗೆ ಎಚ್ಚರವಾಗ್ತದೆ, ನಡೆಯುವ ದೂರ ದಿನೇ ದಿನೇ ಕಡಿಮೆಯಾಗ್ತದೆ, ಕಾಲು ಬಿಲ್ಲಿನ ಹಾಗೆ ಬಾಗ್ತಿದೆ ಅಂದರೆ ಮಾಡಿಸುವುದೇ ಒಳ್ಳೆಯದು. ಈಗ ಹಾಕುವ ಕೃತಕ ಕೀಲುಗಳಲ್ಲಿ ಹತ್ತರಲ್ಲಿ ಎಂಟು 25 ವರ್ಷ ಬಾಳ್ತವೆ. ಮಂಚ ಹಿಡಿಯುವ ಮಾತು ಸುಳ್ಳು, ಸಾಮಾನ್ಯವಾಗಿ ಮರುದಿನವೇ ವಾಕರ್ ಹಿಡಿದು ನಿಲ್ಲಿಸ್ತೇವೆ. ಆದರೆ ಮೊದಲ ಮೂರು ತಿಂಗಳು ವ್ಯಾಯಾಮ ತಪ್ಪಿಸಿದರೆ ಗಂಟು ಮಡಚದೆ ಉಳೀತದೆ. ಆಪರೇಷನ್ನಿಗೆ ಮೊದಲೇ ಸಕ್ಕರೆ ಹತೋಟಿಗೆ ಬರಬೇಕು, ಹುಳುಕು ಹಲ್ಲು ಇದ್ದರೆ ಸರಿ ಮಾಡಿಸಬೇಕು.

ಖರ್ಚಿನ ಬಗ್ಗೆ: 2017ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಕೃತಕ ಮೊಣಕಾಲಿಗೆ ಬೆಲೆಯ ಮಿತಿ ಹಾಕಿತು. ಮಾಮೂಲಿ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ 54,720 ರೂಪಾಯಿ, ಅದರ ಮೇಲೆ ಜಿ.ಎಸ್.ಟಿ. ಇದು ಕೀಲಿನ ಬೆಲೆ ಮಾತ್ರ. ಆಪರೇಷನ್, ರೂಮು, ಮದ್ದು ಬೇರೆ. ಬಿಲ್ಲಿನಲ್ಲಿ ಕೀಲಿನ ಬೆಲೆಯನ್ನು ಪ್ರತ್ಯೇಕ ಬರೆಸಿಕೊಳ್ಳಿ. ಆಯುಷ್ಮಾನ್ ಕಾರ್ಡ್ ಇದ್ದರೆ ಯಾವ ಆಸ್ಪತ್ರೆಯಲ್ಲಿ ಅನ್ವಯ ಆಗ್ತದೆ ಅಂತ, ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಹತ್ತಿರ ಮೊದಲೇ ಕೇಳಿ.

ಮೊದಲ ಪ್ರಶ್ನೆ ಕೇಳಿದ ಮಗಳು, ಏಳು ವಾರದ ನಂತರ:

ಮೇಡಂ, ಅಮ್ಮನ ಕ್ರಿಯಾಟಿನಿನ್ 1.6 ಬಂದಿತ್ತು, ಇರಬೇಕಾದ್ದಕ್ಕಿಂತ ಹೆಚ್ಚು. ಡಾಕ್ಟರು ನೋವಿನ ಮಾತ್ರೆ ನಿಲ್ಲಿಸಿ, ಬಿ.ಪಿ. ಮಾತ್ರೆ ಬದಲಿಸಿ, ಬೇಕಾದಾಗ ಮಾತ್ರ ಪ್ಯಾರಾಸಿಟಮಾಲ್ ಅಂದರು. ಪಾದದ ಬಾವು ಇಳಿದಿದೆ. ಬೈರಾಸಿನದ್ದು ತಪ್ಪದೆ ಮಾಡ್ತಾರೆ, ಕುರ್ಚಿಯಿಂದ ಕೈಯೂರದೆ ಎಂಟು ಸಲ ಏಳ್ತಾರೆ. ಈಗ ತೋಟಕ್ಕೆ ಹೋಗ್ತೇನೆ ಅಂತ ಹಟ. ಮಳೆ ಬಿಟ್ಟಿಲ್ಲ, ಅಂಗಳ ಪೂರ್ತಿ ಪಾಚಿ. ಬಿಡುವುದಾ?

ಉತ್ತರ:

ಓದಿ ತುಂಬ ಖುಷಿಯಾಯಿತು. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ತೋಟ ಈಗ ಬೇಡ, ನಡಿಗೆ ಬೇಕು. ಚಾವಡಿಯಲ್ಲೇ ಈ ಗೋಡೆಯಿಂದ ಆ ಗೋಡೆಗೆ ಹತ್ತು ನಿಮಿಷ, ದಿನಕ್ಕೆ ಎರಡು ಸಲ. ನೆಲ ರೆಡ್ ಆಕ್ಸೈಡಿನದಾದರೆ ಒದ್ದೆ ಕಾಲಲ್ಲಿ ಬೇಡ, ಬಾಗಿಲಲ್ಲಿ ಗೋಣಿ ಹಾಕಿ. ಅಂಗಳದ ಪಾಚಿಯನ್ನು ಅಣ್ಣ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಲಿ. ನಡೆಯಲು ಅಡಿಕೆ ದಬ್ಬೆ ಹಾಸಿದ್ದರೆ ಅಮ್ಮ ಅದರ ಮೇಲೆ ಕಾಲಿಡುವುದು ಬೇಡ, ಕೋಲಿನ ತುದಿ ಸಂದಿನಲ್ಲಿ ಸಿಕ್ಕಿಕೊಳ್ತದೆ. ಕೋಲಿನ ಬುಡದ ರಬ್ಬರ್ ತಿರುಗಿಸಿ ನೋಡಿ, ಗೆರೆ ಸವೆದು ನುಣ್ಣಗಾಗಿದ್ದರೆ ಬದಲಿಸಿ. ಮಳೆ ಬಿಟ್ಟ ಮೇಲೆ ಮೊದಲ ವಾರ ಬಾವಿಕಟ್ಟೆಯವರೆಗೆ, ಎರಡನೇ ವಾರ ದನದ ಹಟ್ಟಿಯವರೆಗೆ, ಆಮೇಲೆ ತೋಟ.

1.6 ಬಂದದ್ದನ್ನು ಮರೆಯಬೇಡಿ. ಡಾಕ್ಟರು ಹೇಳಿದ ದಿನಕ್ಕೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಹಲ್ಲುನೋವು, ಸೊಂಟನೋವು ಅಂತ ಬೇರೆ ಕಡೆ ಹೋದಾಗಲೂ ಕಿಡ್ನಿಯ ರಿಪೋರ್ಟ್ ಜೊತೆಯಲ್ಲಿರಲಿ, ನೋವಿನ ಮಾತ್ರೆ ಬರೆಯುವ ಮೊದಲು ತೋರಿಸಿ.