ಹಳೆಯ ಶಾಸನಗಳಲ್ಲಿ ಪದಗಳ ನಡುವೆ ಜಾಗವೇ ಇಲ್ಲ, ಯಾಕೆ?

ಪ್ರಶ್ನೆ: ಹಲ್ಮಿಡಿ ಶಾಸನದ ಫೋಟೊ ನೋಡಿದೆ. ಅಕ್ಷರಗಳೆಲ್ಲ ಅಂಟಿಕೊಂಡೇ ಸಾಗಿವೆ. ಪದ ಎಲ್ಲಿ ಮುಗಿಯಿತು ಅಂತ ಗೊತ್ತೇ ಆಗುವುದಿಲ್ಲ. ಹಳಬರಿಗೆ ಜಾಗ ಬಿಡಬೇಕು ಅಂತ ಹೊಳೆಯಲಿಲ್ಲವೇ? ಶಾಸನ ಓದುವವರು ಯಾರಾದರೂ ಹೇಳಿ.

ಉತ್ತರ: ಶಾಸನ ಓದುವುದೇ ನನ್ನ ಕೆಲಸ, ಹೇಳುತ್ತೇನೆ. ಮೊದಲು ಇದನ್ನು ಜೋರಾಗಿ ಓದಿ: ಊರಿಗೆಬಂದವಳುನೀರಿಗೆಬಾರದಿರುತ್ತಾಳೆಯೇ. ಓದಿದಿರಿ ಅಲ್ವಾ? ಗೊತ್ತಿರುವ ಭಾಷೆಯಾದರೆ ಕಿವಿಯೇ ಪದ ಬಿಡಿಸಿಕೊಳ್ಳುತ್ತದೆ.

ಹೊಳೆಯದೆ ಏನೂ ಇರಲಿಲ್ಲ. ಸಿರಿಯಾದ ಉಗಾರಿಟ್‌ನಲ್ಲಿ 3,200 ವರ್ಷಗಳ ಹಿಂದೆಯೇ ಮಣ್ಣಿನ ಹಲಗೆಯ ಮೇಲೆ ಪದಗಳ ನಡುವೆ ಪುಟ್ಟ ಮೊಳೆಗುರುತು ಒತ್ತುತ್ತಿದ್ದರು. ಕ್ರಿ.ಪೂ. 9ನೇ ಶತಮಾನದ ಮೋವಾಬಿನ (ಈಗಿನ ಜೋರ್ಡಾನ್‌ನಲ್ಲಿದ್ದ ಹಳೆಯ ರಾಜ್ಯ) ರಾಜ ಮೇಷನ ಕಲ್ಲಿನಲ್ಲಿ ಚುಕ್ಕೆಗಳಿವೆ. ಹಳೆಯ ಪರ್ಷಿಯನ್ ಶಾಸನಗಳಲ್ಲಿ ಓರೆ ಮೊಳೆ. 1802ರಲ್ಲಿ ಜರ್ಮನಿಯ ಶಾಲಾಮೇಷ್ಟ್ರು ಗ್ರೋಟೆಫೆಂಡ್ ಆ ಲಿಪಿಯ ಗಂಟು ಬಿಚ್ಚಲು ಕೂತಾಗ ಆ ಓರೆ ಮೊಳೆ ಬಹಳ ಕೈಹಿಡಿಯಿತು.

ತಮಾಷೆ ಏನೆಂದರೆ, ರೋಮನ್ನರು ಇದ್ದದ್ದನ್ನೂ ಕೈಬಿಟ್ಟರು. ಮೊದಲು ಪದಗಳ ನಡುವೆ ಚುಕ್ಕೆ ಇಡುತ್ತಿದ್ದರು. ಕ್ರಿ.ಶ. 2ನೇ ಶತಮಾನದ ಹೊತ್ತಿಗೆ ಗ್ರೀಕರ ಹಾಗೆ ಪುಸ್ತಕಗಳಲ್ಲಿ ಒಂದೇ ಸಮ ಬರೆಯತೊಡಗಿದರು. ಅದನ್ನು ಮತ್ತೆ ಬಿಡಿಸಿ ಬರೆದವರು 7ನೇ ಶತಮಾನದ ಐರ್ಲೆಂಡಿನ ಸನ್ಯಾಸಿಗಳು. ಅವರ ಮನೆಮಾತು ಐರಿಷ್, ಲ್ಯಾಟಿನ್ ಕಲಿತದ್ದು. ಲ್ಯಾಟಿನ್ ಓದುವಾಗ ಕಿವಿ ಸಹಾಯಕ್ಕೆ ಬರುತ್ತಿರಲಿಲ್ಲ. ಹಾಗಾಗಿ ಕಣ್ಣಿಗೆ ಜಾಗ ಬಿಟ್ಟುಕೊಟ್ಟರು.

ಇನ್ನೊಬ್ಬರ ಪ್ರಶ್ನೆ: ನಮ್ಮ ದೇಶದಲ್ಲಿ ಯಾರೂ ಬಿಡಲಿಲ್ವಾ ಸಾರ್?

ಉತ್ತರ: ಬಿಟ್ಟಿದ್ದಾರೆ. ಅಶೋಕನ ದೆಹಲಿ-ತೋಪ್ರಾ ಕಂಬ ನೋಡಿ. ಆದರೆ ಅಲ್ಲಿ ಜಾಸ್ತಿ ಒಂದೊಂದು ಪದಕ್ಕಲ್ಲ, ಕೂಡಿ ಬರುವ ಪದಗಳ ಗುಂಪಿಗೆ ಜಾಗ. ಮುಂದೆ ಆ ರೂಢಿ ಉಳಿಯಲಿಲ್ಲ. ಓಲೆಗರಿಗಳಲ್ಲೂ ಸಾಲು ಪೂರ್ತಿ ಅಂಟು.

ಕನ್ನಡದಲ್ಲಿ ಸಂಧಿಯ ಕಾಟ ಬೇರೆ. 'ಕೊಡಲಿಲ್ಲ' ಅಂತ ಇದೆ ಅನ್ನಿ. ಅವನು ಕೊಡಲೇ ಇಲ್ಲವೋ, ಅವನ ಹತ್ತಿರ ಕೊಡಲಿ ಇಲ್ಲವೋ? ಸುಮ್ನೆ ಜಾಗ ಬಿಡೋಣ ಅಂದರೆ ಎಲ್ಲಿ ಬಿಡುತ್ತೀರಿ? ಹಿಂದಿನ ಸಾಲು, ಮುಂದಿನ ಸಾಲು ನೋಡಿಯೇ ತೀರ್ಮಾನ ಮಾಡಬೇಕು. ಅಕ್ಷರ ಗುರುತಿಸುವುದಕ್ಕಿಂತ ಇಂಥ ಕಡೆಯೇ ನಾವು ಜಾಸ್ತಿ ಜಗಳ ಆಡುವುದು.

ಮತ್ತೊಬ್ಬರು: ಥಾಯ್ಲೆಂಡಿಗೆ ಹೋಗಿದ್ದೆ. ಅಲ್ಲಿನ ಬೋರ್ಡುಗಳಲ್ಲಿ ಇವತ್ತಿಗೂ ಹೀಗೇ ಇದೆಯಲ್ಲ?

ಉತ್ತರ: ಹೌದು. ಥಾಯ್‌ನಲ್ಲಿ ಸಾಮಾನ್ಯವಾಗಿ ಮಾತು ಒಂದು ಹಂತಕ್ಕೆ ಬಂದಾಗ ಮಾತ್ರ ಜಾಗ ಬಿಡುತ್ತಾರೆ. ಓದುವವರಿಗೆ ಏನೂ ತೊಂದರೆಯಿಲ್ಲ. ಪೇಚಾಡುವುದು ಕಂಪ್ಯೂಟರ್. ಸಾಲನ್ನು ಎಲ್ಲಿ ಮುರಿಯಬೇಕು ಅಂತ ತಿಳಿಯಲು ಅದಕ್ಕೆ ಪದಪಟ್ಟಿ ಬೇಕಾಗುತ್ತದೆ.