ಬಿಟ್ಟಿ ಸಲಹೆಗಾರರ ಮುಂದೊಂದು ಇಂಟರ್ವ್ಯೂ

ಬೆಂಗಳೂರಲ್ಲಿ ನೀರಿಗೆ ಬರ ಬಂದಿದೆ, ಪಾರ್ಕಿಂಗಿಗೆ ಬರ ಬಂದಿದೆ, ಸಲಹೆಗೆ ಮಾತ್ರ ಯಾವತ್ತೂ ಬಂದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ ಹೇಗೆ ಸರಿ ಮಾಡಬೇಕು, ಆರ್‌ಸಿಬಿಗೆ ಯಾರನ್ನ ಓಪನಿಂಗ್ ಕಳಿಸಬೇಕು, ಪಕ್ಕದ ಮನೆಯೋರು ಸಂಪು ಎಲ್ಲಿ ತೋಡಿಸಬೇಕಿತ್ತು, ಎಲ್ಲಕ್ಕೂ ಗಾಂಧಿ ಬಜಾರಿನ ಯಾವುದಾದರೂ ದರ್ಶಿನಿ ಮುಂದೆ ಬೈಟು ಕಾಫಿ ಮುಗಿಯೋದರೊಳಗೆ ಪರಿಹಾರ ಸಿಗುತ್ತೆ. ಇದನ್ನೇ ಕೆಲಸ ಮಾಡ್ಕೊಂಡು, ಕೋಟಿಗಟ್ಟಲೆ ಫೀಸು ತಗೊಳ್ಳೋ ಕಂಪನಿಗಳಿವೆ ಅಂತ ಗೊತ್ತಾದಾಗ ನಮ್ಮ ಗುಂಪಿಗೆ ಆದ ಹೊಟ್ಟೆಯುರಿ ಅಷ್ಟಿಷ್ಟಲ್ಲ.

ಸುದ್ದಿ ತಂದಿದ್ದು ಸೀನಣ್ಣನ ಅಕ್ಕನ ಮಗ ಕಾರ್ತೀಕ. ಎಂಬಿಎ ಓದ್ತಿದ್ದಾನೆ, ಪ್ಲೇಸ್‌ಮೆಂಟ್ ಹತ್ತಿರ ಬಂದಿದೆ. ಕೈಯಲ್ಲೊಂದು ನೋಟ್‌ಬುಕ್, ಮುಖದಲ್ಲಿ ನಿದ್ದೆಗೆಟ್ಟ ಕಳೆ.

"ಮೂರು ದೊಡ್ಡ ಕಂಪನಿ ಮಾವ. ಮೆಕಿನ್ಸಿ, ಬಿಸಿಜಿ, ಬೇನ್."

"ಬಿಸಿಜಿ ನಿಂಗೆ ಹುಟ್ಟಿದಾಗಲೇ ಹಾಕ್ಸಿದ್ದಾರಲ್ಲೋ," ಅಂದ ಸೀನಣ್ಣ. "ತೋಳು ನೋಡ್ಕೊ, ಗುರುತಿರುತ್ತೆ."

"ಅದು ಲಸಿಕೆ. ಇದು ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್. 1963ರಲ್ಲಿ ಬ್ರೂಸ್ ಹೆಂಡರ್ಸನ್ ಶುರು ಮಾಡಿದ್ದು. ಅಲ್ಲೇ ಇದ್ದ ಬಿಲ್ ಬೇನ್, 1973ರಲ್ಲಿ ಒಂದಷ್ಟು ಜನರನ್ನ ಕಟ್ಕೊಂಡು ಹೊರಗೆ ಬಂದು ತನ್ನದೇ ಕಂಪನಿ ಮಾಡಿದ. ಮೆಕಿನ್ಸಿ ಎಲ್ಲಕ್ಕಿಂತ ಹಳೇದು, 1926. ಜೇಮ್ಸ್ ಮೆಕಿನ್ಸಿ ಅಂತ, ಶಿಕಾಗೋ ಯೂನಿವರ್ಸಿಟೀಲಿ ಅಕೌಂಟಿಂಗ್ ಮೇಷ್ಟ್ರು."

ಮೇಷ್ಟ್ರು ಅಂದ ತಕ್ಷಣ ನಮ್ಮ ಮೇಷ್ಟ್ರ ಬೆನ್ನು ನೆಟ್ಟಗಾಯ್ತು. ಹೈಸ್ಕೂಲಲ್ಲಿ ಗಣಿತ ಹೇಳಿ ರಿಟೈರ್ ಆದವರು. "ನೋಡಿದ್ರಾ? ಪಾಠ ಹೇಳೋರನ್ನ ಲಘುವಾಗಿ ತಗೋಬಾರದು."

"ಮೇಷ್ಟ್ರು ಇಟ್ಟ ಅಂಗಡಿ ಉದ್ಧಾರ ಆಗಿದ್ದು ಅದೊಂದೇ ಇರ್ಬೇಕು," ಅಂದ್ರು ಶೆಟ್ರು. ಪ್ರಾವಿಷನ್ ಸ್ಟೋರ್ ಶೆಟ್ರು. ಈ ಬೀದಿಯ ಹೋಟೆಲುಗಳಿಗೆಲ್ಲ ಅಕ್ಕಿ, ಉದ್ದು ಹೋಗೋದು ಅವರ ಅಂಗಡಿಯಿಂದಲೇ. ಮಾತು ಕಮ್ಮಿ, ತೂಕ ಸರಿ.

ಮೇಷ್ಟ್ರು ಬಿಡಲಿಲ್ಲ. "ನಮ್ಮೋರಲ್ಲೂ ಇದು ಹೊಸದೇನಲ್ಲ. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ಮುಳುಗ್ತಲ್ಲ, ನಿಜಾಮರು ಕರೆಸಿದ್ದು ಯಾರನ್ನ? ವಿಶ್ವೇಶ್ವರಯ್ಯನವರನ್ನ. ಹುದ್ದೆ ಹೆಸರೇ ಕನ್ಸಲ್ಟಿಂಗ್ ಇಂಜಿನಿಯರ್. ಮಳೆ ಎಷ್ಟು ಬಿತ್ತು, ನೀರು ಎಲ್ಲಿಂದ ನುಗ್ಗಿತು ಅಂತ ಲೆಕ್ಕ ಹಾಕಿ, ಊರಿನ ಮೇಲ್ಗಡೆ ಜಲಾಶಯ ಕಟ್ಟಿ ಅಂದ್ರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎದ್ದಿದ್ದು ಹಾಗೆ."

"ಅವರಿಗೆ ಇಂಟರ್ವ್ಯೂ ಇತ್ತಾ?"

"ಪೇಟ ನೋಡಿದ್ರೆ ಸಾಕಿತ್ತು, ಯಾರು ಕೇಳ್ತಾರೆ."

ಕಾರ್ತೀಕನಿಗೆ ಮಾತ್ರ ಪೇಟದ ಅನುಕೂಲ ಇಲ್ಲ. ಅವನು ವಿವರಿಸಿದ ಪ್ರಕಾರ ಮೊದಲು ರೆಸ್ಯೂಮೆಯಲ್ಲೇ ಮುಕ್ಕಾಲು ಜನ ಜರಡಿಯಿಂದ ಕೆಳಗೆ ಬೀಳ್ತಾರೆ, ಕೆಲವು ಕಡೆ ಕಂಪ್ಯೂಟರ್ ಮುಂದೆ ಕೂರಿಸಿ ಆಟದಂಥ ಪರೀಕ್ಷೆ ಮಾಡ್ತಾರೆ, ಅದೂ ದಾಟಿದರೆ 'ಕೇಸ್'. ಯಾವುದೋ ಕಂಪನಿಯ ತಾಪತ್ರಯ ಮುಂದೆ ಇಟ್ಟು ಅರ್ಧ ಗಂಟೆ ಮಾತಾಡಿಸ್ತಾರೆ. ಪೆನ್ನು, ಹಾಳೆ ಉಂಟು; ಕ್ಯಾಲ್ಕುಲೇಟರ್ ಇಲ್ಲ. ಉತ್ತರಕ್ಕಿಂತ ಯೋಚನೆ ಮಾಡೋ ದಾರಿ ನೋಡ್ತಾರೆ. ಅದಕ್ಕೆ ಓದಿದರೆ ಆಗಲ್ಲ, ಎದುರಿಗೆ ಯಾರಾದರೂ ಕೂತು ಮತ್ತೆ ಮತ್ತೆ ಪ್ರಾಕ್ಟೀಸ್ ಮಾಡಿಸಬೇಕಂತೆ.

"ನಾವಿಲ್ವಾ!" ಸೀನಣ್ಣ ಲೋಟ ಕೆಳಗಿಟ್ಟ. "ತಗೋ ಕೇಸು. ಇದೇ ಥರದ್ದೊಂದು ದರ್ಶಿನಿ. ಒಂದು ವರ್ಷದಿಂದ ಲಾಭ ಬಿದ್ದೋಗಿದೆ. ಯಾಕೆ?"

ಕಾರ್ತೀಕ ಬಾಯಿ ತೆರೆಯೋಕೆ ಮುಂಚೆ ಸೀನಣ್ಣನೇ ಹೇಳಿಬಿಟ್ಟ: "ಚಟ್ನಿ. ಹುರಿಗಡಲೆ ಜಾಸ್ತಿ ಹಾಕ್ತಾರೆ."

"ಗಲ್ಲಾ ಪೆಟ್ಟಿಗೆ ದಿಕ್ಕು ಸರಿಯಿಲ್ಲ," ಅಂದ್ರು ಮೇಷ್ಟ್ರು.

"ರಸ್ತೆ ಅಗೆದಿದ್ದಾರೆ," ಅಂದೆ ನಾನು. ಬೆಂಗಳೂರಲ್ಲಿ ಯಾವ ಪ್ರಶ್ನೆಗೂ ಈ ಉತ್ತರ ಪೂರ್ತಿ ತಪ್ಪಾಗಲ್ಲ.

"ನೋಡಿ, ಮೂರೂ ಜನ ಫೇಲ್," ಅಂದ ಹುಡುಗ, ವಿನಯದಿಂದಲೇ. "ಮೊದಲು ಕೇಳಬೇಕು. ಲಾಭ ಎಷ್ಟು ಬಿದ್ದಿದೆ? ಇವರದೊಂದೇನಾ, ಅಕ್ಕಪಕ್ಕದ ಹೋಟೆಲುಗಳದ್ದೂ ಹಾಗೇನಾ? ಆಮೇಲೆ 'ಒಂದು ನಿಮಿಷ ಟೈಮ್ ಕೊಡಿ' ಅಂತ ಹೇಳಿ ಸುಮ್ನೆ ಕೂತು ಹಾಳೆ ಮೇಲೆ ಬರ್ಕೋಬೇಕು."

"ಸುಮ್ನೆ ಅಂದ್ರೆ?"

"ಮಾತಾಡದೆ ಮಾವ."

ಒಂದು ನಿಮಿಷ ಮೌನ ಅಂದ್ರೆ ನಮ್ಮ ಗುಂಪಿಗೆ ಗೊತ್ತಿರೋದು ಶ್ರದ್ಧಾಂಜಲಿ ಒಂದೇ. ಸೀನಣ್ಣ ಅಭ್ಯಾಸಬಲದಿಂದ ಎದ್ದು ನಿಲ್ಲೋಕೆ ನೋಡಿದ, ನಿಂತೇ ಇದ್ದೀನಿ ಅಂತ ಆಮೇಲೆ ಹೊಳೀತು.

ಕಾರ್ತೀಕ ಬರೆದದ್ದನ್ನು ತೋರಿಸಿದ. ಲಾಭ ಅಂದ್ರೆ ಬಂದದ್ದು ಕಳೆ ಹೋದದ್ದು. ಬಂದದ್ದರಲ್ಲಿ ಗಿರಾಕಿ ಎಷ್ಟು, ತಲೆಗೆ ಬಿಲ್ಲು ಎಷ್ಟು. ಹೋದದ್ದರಲ್ಲಿ ಬಾಡಿಗೆ ಥರ ಕದಲದೇ ಇರೋದು ಒಂದು ಕಡೆ, ಅಕ್ಕಿ, ಗ್ಯಾಸ್ ಥರ ವ್ಯಾಪಾರದ ಜೊತೆ ಏರಿ ಇಳಿಯೋದು ಇನ್ನೊಂದು ಕಡೆ. "ಇದಕ್ಕೆ ಮೀಸಿ ಅಂತಾರೆ. ಮೆಕಿನ್ಸಿಯಲ್ಲಿದ್ದ ಬಾರ್ಬರಾ ಮಿಂಟೊ ಅನ್ನೋರು 60ರ ದಶಕದಲ್ಲಿ ರೂಢಿಗೆ ತಂದಿದ್ದು. ಭಾಗ ಮಾಡಿದ್ರೆ ಒಂದರ ಮೇಲೊಂದು ಬರಬಾರದು, ಮಧ್ಯೆ ಏನೂ ಬಿಟ್ಟೂ ಹೋಗಬಾರದು."

"ಮೀಸೆ ಥರ," ಅಂದ್ರು ಮೇಷ್ಟ್ರು, ತಮ್ಮದನ್ನು ಎರಡೂ ಕಡೆ ತೀಡಿಕೊಳ್ಳುತ್ತಾ.

"ಹಾಗೇ ಅನ್ಕೊಳಿ ಅಂಕಲ್." ಹುಡುಗ ಸುಸ್ತಾಗಿದ್ದ. "ಈಗ ಅಂಕಿಅಂಶ ಯಾರು ಕೊಡ್ತೀರ?"

ಎಲ್ಲರೂ ಶೆಟ್ರ ಕಡೆ ನೋಡಿದ್ವಿ. ಇಂಟರ್ವ್ಯೂ ಮಾಡೋಕೆ ಹುಟ್ಟಿದ ಮನುಷ್ಯ ಅಂತ ಗೊತ್ತಾಗಿದ್ದು ಆಗಲೇ. ಕೇಳಿದ್ದಕ್ಕೆ ಅಷ್ಟೇ ಉತ್ತರ, ಮೇಲೊಂದು ಕಾಳು ಇಲ್ಲ.

"ಶೆಟ್ರೆ, ಬರೀ ದೋಸೆ ಲೆಕ್ಕ ತಗೊಳ್ಳೋಣ. ದಿನಕ್ಕೆ ಎಷ್ಟು ಹೋಗ್ತಿತ್ತು?"

"ನಾನೂರು."

"ಈಗ?"

"ಐನೂರು."

ಸೀನಣ್ಣನಿಗೆ ಆಘಾತ. "ವ್ಯಾಪಾರ ಜಾಸ್ತಿ ಆಗಿದ್ಯಾ? ಹಾಗಾದ್ರೆ ಚಟ್ನಿ ಅಲ್ವಾ?"

"ರೇಟು?" ಅಂದ ಕಾರ್ತೀಕ.

"ಎಂಬತ್ತು. ಆಗಲೂ ಈಗಲೂ."

"ಒಂದು ದೋಸೆಗೆ ಖರ್ಚು?"

"ಐವತ್ತು. ಆಗಲೂ ಈಗಲೂ."

ಅಲ್ಲಿಗೆ ದಾರಿ ಮುಚ್ಚಿತು ಅಂದ್ಕೊಂಡೆ. ಗಿರಾಕಿ ಜಾಸ್ತಿ, ರೇಟು ಅಷ್ಟೇ, ಖರ್ಚು ಅಷ್ಟೇ, ಲಾಭ ಹೇಗೆ ಬೀಳುತ್ತೆ? ಹುಡುಗ ಹಾಳೆ ನೋಡ್ಕೊಂಡು ನಿಂತ. ಕಡೆಗೆ ಕೇಳಿದ: "ಐನೂರೂ ಇಲ್ಲೇ ನಿಂತು ತಿನ್ನೋರಾ?"

ಶೆಟ್ರು ಮೊದಲ ಸಲ ನಕ್ಕರು. "ಇಲ್ಲಿ ಇನ್ನೂರೈವತ್ತು. ಇನ್ನು ಇನ್ನೂರೈವತ್ತು ಆ್ಯಪಲ್ಲಿ ಹೋಗುತ್ತೆ. ಕಮಿಷನ್ ಇಪ್ಪತ್ತು ರೂಪಾಯಿ, ಡಬ್ಬಿಗೆ ಆರು."

ಅಂದ್ರೆ ಇಲ್ಲಿ ತಿಂದ ದೋಸೆಗೆ ಉಳಿಯೋದು 30, ಡಬ್ಬಿಯಲ್ಲಿ ಹೋದ ದೋಸೆಗೆ 4. ಮುಂಚೆ ದಿನಕ್ಕೆ 12,000. ಈಗ ಇಲ್ಲಿಂದ 7,500, ಆ್ಯಪಿಂದ 1,000, ಒಟ್ಟು 8,500. ನೂರು ದೋಸೆ ಜಾಸ್ತಿ ಹುಯ್ದು 3,500 ಕಳ್ಕೊಂಡ ಹಾಗಾಯ್ತು. ಕಾರ್ತೀಕ ಅಷ್ಟಕ್ಕೇ ನಿಲ್ಲಲಿಲ್ಲ, ನಂಗೆ ಅವನ ಮೇಲೆ ಗೌರವ ಬಂದಿದ್ದು ಇಲ್ಲೇ. ಆ್ಯಪು ತಂದ ಇನ್ನೂರೈವತ್ತರಲ್ಲಿ ಹೊಸ ಗಿರಾಕಿ ನೂರೇ. ಮಿಕ್ಕ ನೂರೈವತ್ತು ದಿನಾ ಇಲ್ಲೇ ಬಂದು ತಿಂತಿದ್ದೋರು, ಈಗ ಸೋಫಾ ಮೇಲೆ ಕೂತು ತರಿಸ್ಕೊಳ್ತಿದ್ದಾರೆ. ಹೊಸಬರಿಂದ ಬಂದದ್ದು 400, ಹಳಬರು ಜಾಗ ಬದಲಾಯಿಸಿದ್ದಕ್ಕೆ ಹೋದದ್ದು 3,900.

"ಹಾಗಾದ್ರೆ ಆ್ಯಪ್ ಬಂದ್ ಮಾಡ್ಲಾ?" ಅಂದ್ರು ಶೆಟ್ರು, ಪಾತ್ರದೊಳಗೇ ಇದ್ದು.

"ಬೇಡ. ಬಂದ್ ಮಾಡಿದ್ರೆ ಆ ನೂರೈವತ್ತೂ ಇಲ್ಲಿಗೇ ವಾಪಸ್ ಬರ್ತಾರೆ ಅನ್ನೋ ಗ್ಯಾರಂಟಿ ಇಲ್ಲ, ಪಕ್ಕದ ಹೋಟೆಲಿಂದ ತರಿಸ್ಕೊಬಹುದು. ಆ್ಯಪಲ್ಲಿ ರೇಟು ಸ್ವಲ್ಪ ಏರಿಸಿ, ಹತ್ತಿರದ ಬೀದಿಗಳಿಗೆ ಫೋನ್ ಮಾಡಿದ್ರೆ ನಿಮ್ಮ ಹುಡುಗನೇ ತಂದುಕೊಡಲಿ. ಒಂದು ತಿಂಗಳು ನೋಡಿ." ನಮ್ಮ ಕಡೆ ತಿರುಗಿ, "ಕಡೇಲಿ ಹೀಗೇ ಹೇಳ್ಬೇಕು. ಉತ್ತರ ಮೊದಲು, ಕಾರಣ ಆಮೇಲೆ."

"ನಾನು ಉತ್ತರ ಮೊದಲೇ ಹೇಳಿದ್ನಲ್ಲೋ!" ಸೀನಣ್ಣ ಕೂಗಿದ. "ಆಗ ಫೇಲ್ ಅಂದೆ!"

ಇದಕ್ಕೆ ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಸಮಾಧಾನಕ್ಕೆ ಬಿಸಿಜಿಯವರು 1970ರಲ್ಲಿ ಪ್ರಚಾರ ಮಾಡಿದ ಚೌಕ ಬರೆದು ತೋರಿಸಿದ: ಕಂಪನಿಯ ವ್ಯಾಪಾರಗಳನ್ನ ನಕ್ಷತ್ರ, ಹಸು, ಪ್ರಶ್ನಾರ್ಥಕ ಚಿಹ್ನೆ, ನಾಯಿ ಅಂತ ನಾಲ್ಕು ಮನೆಗೆ ಹಂಚೋದು. ಹಸು ಅಂದ್ರೆ ಹಾಲು ಕರೀತಾ ಇರಬಹುದಾದ ಹಳೇ ವ್ಯಾಪಾರ. "ಎರಡು ನಮ್ಮ ಬೀದೀಲೇ ಓಡಾಡ್ತಾವೆ," ಅಂತ ಸೀನಣ್ಣ ಆ ವಿದ್ಯೆಯನ್ನ ಅಲ್ಲಿಗೇ ಮುಗಿಸಿದ. ಇಂಥ ಚೌಕಗಳನ್ನ ಬಾಯಿಪಾಠ ಮಾಡ್ಕೊಂಡು ಹೋಗಿ ಎಲ್ಲ ಕೇಸಿಗೂ ಒಂದೇ ಅಂಟಿಸೋರನ್ನ ಬೇಗ ಹಿಡೀತಾರಂತೆ. ಹಿಡಿಯದೆ ಏನು, ನಮ್ಮ ಮೇಷ್ಟ್ರೇ ಹಿಡೀತಿದ್ರು.

ಮುಂದಿನ ಸರದಿ ಅವರದೇ. "ಅಂದಾಜಿನ ಪ್ರಶ್ನೆ ಅಂತ ಕೇಳ್ತಾರಂತಲ್ಲ. ಬೆಂಗಳೂರಲ್ಲಿ ದಿನಕ್ಕೆ ಎಷ್ಟು ಮಸಾಲೆ ದೋಸೆ ಖರ್ಚಾಗುತ್ತೆ?"

"ಜನಸಂಖ್ಯೆ 1.2 ಕೋಟಿ ಅಂತಿಟ್ಕೊಳ್ಳೋಣ..."

"ಹ್ಯಾಗೆ ಇಟ್ಕೊಳ್ತೀಯ? 2011ರ ಗಣತೀಲಿ ಪಾಲಿಕೆ ವ್ಯಾಪ್ತಿ 84 ಲಕ್ಷ ಚಿಲ್ಲರೆ."

"ಅಂಕಲ್, ಆಮೇಲೆ ಊರು ಬೆಳೆದಿದೆ. ಭಾಗಾಕಾರಕ್ಕೆ ಸುಲಭ ಆಗೋ ಸಂಖ್ಯೆ ತಗೊಂಡು, ಯಾಕೆ ತಗೊಂಡೆ ಅಂತ ಹೇಳಿದ್ರೆ ಒಪ್ತಾರೆ."

ಚಿಲ್ಲರೆ ಬಿಡೋದು ಮೇಷ್ಟ್ರಿಗೆ ಮಹಾಪಾಪ. ಮುಖ ಹುಳ್ಳಗಾಯ್ತು. ಹುಡುಗ ಒಳಗಿನ ಕಾವಲಿ ಕಡೆ ಕೈ ತೋರಿಸಿದ. ಭಟ್ಟರು ಪೊರಕೆಯಿಂದ ಕಾವಲಿ ಗುಡಿಸಿ, ನೀರು ಚಿಮುಕಿಸಿ, ಸಾಲಿಗೆ ನಾಲ್ಕರಂತೆ ಮೂರು ಸಾಲು ಹುಯ್ದರು. ಒಂದು ಸಲಕ್ಕೆ 12, ಆರು ನಿಮಿಷ ಅಂದ್ರೆ ಗಂಟೆಗೆ 120. ಬೆಳಗ್ಗೆ ಮೂರು, ಸಂಜೆ ಎರಡು ಗಂಟೆ ಪೂರ್ತಿ ರಶ್ಶು: 600. ಮಿಕ್ಕ ಎಂಟು ಗಂಟೆ ಕಾಲು ಭಾಗ: 240. ಹತ್ತಿರ ಹತ್ತಿರ 800. ಮೂರು ಸಾವಿರ ಜನಕ್ಕೊಂದು ಹೋಟೆಲ್ ಅಂದ್ರೆ 4,000 ಹೋಟೆಲ್. ಒಟ್ಟು 32 ಲಕ್ಷ ದೋಸೆ.

"ಈಗ ಇನ್ನೊಂದು ಕಡೆಯಿಂದ. ಹತ್ತರಲ್ಲಿ ಒಬ್ಬ ದಿನಾ ಹೊರಗೆ ಮಸಾಲೆ ದೋಸೆ ತಿಂತಾನೆ ಅಂದ್ರೂ 12 ಲಕ್ಷ. ಎರಡೂ ತಾಳೆ ಆಗ್ತಿಲ್ಲ."

"ಆಗಲ್ಲ," ಅಂದ್ರು ಶೆಟ್ರು. "ಸೆಟ್ ದೋಸೆ, ಖಾಲಿ, ಈರುಳ್ಳಿ ಎಲ್ಲ ಮಸಾಲೆಗೇ ಸೇರಿಸಿದೀಯ. ಅರ್ಧ ಕಳಿ. ಆಮೇಲೆ ಗಾಂಧಿ ಬಜಾರಿನ ಕಾವಲಿ ಇಟ್ಕೊಂಡು ಊರೆಲ್ಲ ಅಳೀಬೇಡ. ನನ್ನ ಹತ್ರ ವಾರಕ್ಕೆ ಹತ್ತು ಕೆಜಿ ಉದ್ದು ತಗೊಳ್ಳೋ ಹೋಟೆಲೂ ಇದೆ."

ಅರ್ಧ ಕಳೆದರೆ 16 ಲಕ್ಷ, ಸಣ್ಣ ಹೋಟೆಲುಗಳಿಗೆ ಇನ್ನೊಂದಿಷ್ಟು ಕಳೆದರೆ 12ರ ಹತ್ತಿರ ಬಂದೇಬಿಡ್ತು. ಕಾರ್ತೀಕ ನೋಟ್‌ಬುಕ್ಕಲ್ಲಿ ಏನೋ ಗೀಚಿಕೊಂಡ. ಮೇಷ್ಟ್ರಿಗೆ ಸಮಾಧಾನ ಇಲ್ಲ. ಹುಡುಗ ಫರ್ಮಿಯ ಕಥೆ ಹೇಳಿದ. 1945ರಲ್ಲಿ ಅಮೆರಿಕದ ಮರುಭೂಮಿಯಲ್ಲಿ ಮೊದಲ ಅಣುಬಾಂಬ್ ಪರೀಕ್ಷೆ. ಆ ಭೌತವಿಜ್ಞಾನಿ ಮೈಲಿಗಟ್ಟಲೆ ದೂರ ನಿಂತು, ಗಾಳಿಯ ಅಲೆ ಬಂದಾಗ ಕಾಗದದ ಚೂರು ಕೈಬಿಟ್ಟು, ಅವು ಎಷ್ಟು ದೂರ ಬಿದ್ದವು ಅನ್ನೋದರ ಮೇಲೆ ಬಾಂಬಿನ ಶಕ್ತಿ 10,000 ಟನ್ ಟಿಎನ್‌ಟಿ ಸಿಡಿಮದ್ದಿನಷ್ಟು ಅಂದನಂತೆ. ಆಮೇಲೆ ಅಳೆದರೆ 20,000ಕ್ಕೂ ಸ್ವಲ್ಪ ಜಾಸ್ತಿ.

"ಅರ್ಧಕ್ಕರ್ಧ ತಪ್ಪು," ಅಂದ್ರು ಮೇಷ್ಟ್ರು. "ನಾನಾಗಿದ್ರೆ ಸೊನ್ನೆ ಹಾಕ್ತಿದ್ದೆ."

"ಮುಂಚೆನೇ ನೊಬೆಲ್ ಕೊಟ್ಟಿದ್ರು ಅಂಕಲ್."

ಉಳಿದದ್ದು ನಿನ್ನ ಬಗ್ಗೆ ಹೇಳು ಅನ್ನೋ ಭಾಗ. ನಾಯಕತ್ವ ತೋರಿಸಿದ ಒಂದು ಸಂದರ್ಭ ಹೇಳಬೇಕು. ಕಾರ್ತೀಕನ ಅಪಾರ್ಟ್‌ಮೆಂಟಲ್ಲಿ ಗಣೇಶನ ಹಬ್ಬಕ್ಕೆ ಆರ್ಕೆಸ್ಟ್ರಾ ಬೇಕು ಅನ್ನೋ ಪಂಗಡಕ್ಕೂ ಅನ್ನದಾನ ಬೇಕು ಅನ್ನೋ ಪಂಗಡಕ್ಕೂ ಜಗಳ ಹತ್ತಿ, ವಾಟ್ಸ್ಯಾಪ್ ಗ್ರೂಪೇ ಒಡೆದು ಎರಡಾಗಿತ್ತು. ಇವನು ಸರಿ ಮಾಡಿದ್ದ. ಆದರೆ ಹೇಳೋಕೆ ಬಿಟ್ಟರೆ, "ಎಲ್ಲರೂ ಸೇರಿ ಮಾತಾಡಿದ್ವಿ, ಹಿರಿಯರು ಸಹಕಾರ ಕೊಟ್ಟರು, ದೇವರ ದಯೆಯಿಂದ ಚೆನ್ನಾಗಿ ನಡೀತು."

"ಭೇಷ್, ಸಂಸ್ಕಾರ ಅಂದ್ರೆ ಇದು," ಅಂದ ಸೀನಣ್ಣ.

"ಕೆಲಸ ಸಿಗಲ್ಲ," ಅಂದ್ರು ಶೆಟ್ರು. "ದೇವರ ದಯೆ ಇದ್ರೆ ದೇವರನ್ನೇ ತಗೋತಾರೆ. ನೀನೇನು ಮಾಡ್ದೆ?"

"ಅದೇ, ಮೀಟಿಂಗ್ ಕರೆದ್ವಿ..."

"ಯಾರು ಕರೆದಿದ್ದು?"

"ನಾನು."

"ಯಾರು ಬರಲ್ಲ ಅಂದ್ರು?"

"ಮೂರನೇ ಮಹಡಿ ಆಂಟಿ."

"ಆಮೇಲೆ?"

ಆಮೇಲೆ ಕಥೆ ಹೊರಗೆ ಬಂತು. ಆಂಟಿಗೆ ಸಿಟ್ಟಿದ್ದದ್ದು ಆರ್ಕೆಸ್ಟ್ರಾ ಮೇಲಲ್ಲ, ಹಿಂದಿನ ವರ್ಷದ ಲೆಕ್ಕ ಯಾರೂ ತೋರಿಸದೇ ಇದ್ದದ್ದರ ಮೇಲೆ. ಹುಡುಗ ರಶೀದಿಗಳನ್ನ ಜೋಡಿಸಿ ಲಿಫ್ಟ್ ಪಕ್ಕ ಅಂಟಿಸಿದ್ದ. ಮಾರನೇ ದಿನ ಆಂಟಿಯೇ ಚಂದಾ ಎತ್ತೋಕೆ ನಿಂತಿದ್ದರು. ಮೆಕಿನ್ಸಿಯಲ್ಲಿ ಒಂದೇ ಘಟನೆ ಹಿಡ್ಕೊಂಡು ಹೀಗೇ ಕೆದಕ್ತಾರೆ, ಶೆಟ್ರಿಗೆ ಹೇಗೆ ಗೊತ್ತು ಅಂತ ಅವನಿಗೆ ಆಶ್ಚರ್ಯ. ಸಾಲ ಕೇಳೋಕೆ ಬರೋರ ಕಥೆ ಇಷ್ಟು ವರ್ಷ ಕೇಳಿದ ಮನುಷ್ಯನಿಗೆ ಇದೇನು ಹೊಸದಾ.

"ಕೊನೇಗೆ ನಮ್ಮನ್ನ ಏನಾದ್ರೂ ಕೇಳೋದಿದ್ಯಾ ಅಂತಾರೆ," ಅಂದ ಕಾರ್ತೀಕ.

"ಸಂಬಳ ಕೇಳು," ಸೀನಣ್ಣ.

"ಅದು ಕೇಳಬಾರದು ಮಾವ. ಅವರ ಕೆಲಸದ ಬಗ್ಗೆ, ಮನಸ್ಸಿಟ್ಟು ಕೇಳ್ಬೇಕು." ಶೆಟ್ರ ಕಡೆ ತಿರುಗಿ ಪೆನ್ನು ಕೆಳಗಿಟ್ಟ. "ಶೆಟ್ರೆ, ಇಷ್ಟು ವರ್ಷದ ವ್ಯಾಪಾರದಲ್ಲಿ ನಿಮಗೆ ಭಾಳ ಕಷ್ಟ ಅನ್ನಿಸಿದ ತೀರ್ಮಾನ ಯಾವುದು?"

ಶೆಟ್ರು ಲೋಟದ ತಳದ ನೊರೆ ನೋಡಿದರು. ಪೂರ್ತಿ ಒಂದು ನಿಮಿಷ ತಗೊಂಡರು, ಕ್ರಮಬದ್ಧವಾಗಿ.

"ಸ್ನೇಹಿತರಿಗೆ ಉದ್ರಿ ನಿಲ್ಲಿಸಬೇಕು ಅನ್ನೋದು. ತೀರ್ಮಾನ ಆಗಿದೆ, ಜಾರಿಗೆ ಬಂದಿಲ್ಲ. ಪುಸ್ತಕದಲ್ಲಿ ಮೊದಲನೇ ಪುಟ ನಿಮ್ಮ ಮಾವಂದೇ."

"ಇಂಟರ್ವ್ಯೂ ಮುಗೀತು," ಅಂದ ಸೀನಣ್ಣ. "ನಡಿಯೋ ಕಾರ್ತಿ, ಅಮ್ಮ ಕಾಯ್ತಿರ್ತಾಳೆ."