ಮಳೆಗಾಲದಲ್ಲಿ ಮಲೇರಿಯಾ ಸ್ಲೈಡ್ ಯಾಕೆ ಕೆಡ್ತದೆ?

ಪ್ರಶ್ನೆ (ಲ್ಯಾಬ್ ಟೆಕ್ನೀಷಿಯನ್, ಕುಂದಾಪುರ ಕಡೆ): ಡಾಕ್ಟ್ರೇ, ಮಳೆ ಹಿಡಿದ ಮೇಲೆ ಥಿಕ್ ಸ್ಮಿಯರ್ (ಸ್ಲೈಡಿಗೆ ದಪ್ಪಗೆ ಹಚ್ಚಿದ ರಕ್ತದ ಪದರ) ತೊಳೆಯುವಾಗ ಎದ್ದು ಹೋಗ್ತದೆ. ಉಳಿದದ್ದರಲ್ಲಿ ಕಪ್ಪು ಕಾಳು ಕಾಳು, ಪ್ಯಾರಸೈಟಾ ಕಸವಾ ಗೊತ್ತಾಗುವುದಿಲ್ಲ. ಗೀಮ್ಸಾ ಸ್ಟೇನ್ (ಬಣ್ಣ) 10 ಪರ್ಸೆಂಟ್, ನೀರು ಬಾವಿದು. ಹೊಸ ಮೈಕ್ರೋಸ್ಕೋಪಿಗೆ ಬರೆಯುವುದಾ?

ಉತ್ತರ (ಮೈಕ್ರೋಬಯಾಲಜಿಸ್ಟ್, ಮಂಗಳೂರು): ಮೈಕ್ರೋಸ್ಕೋಪ್ ಆಮೇಲೆ. ಮೊದಲು ನೀರಿನ ಪಿಎಚ್ ನೋಡಿ. ಮುರಕಲ್ಲಿನ ನೆಲದ ಬಾವಿ ನೀರು ಹೆಚ್ಚಾಗಿ ಆಮ್ಲದ ಕಡೆಗೇ ಇರ್ತದೆ, ಗೀಮ್ಸಾಕ್ಕೆ ಬೇಕಾದದ್ದು 7.2. ಅದು ಇಳಿದರೆ ವೈವಾಕ್ಸ್ ಜಾತಿಯ ಮಲೇರಿಯಾದ ಗುರುತು, ಕೆಂಪುಕಣದೊಳಗಿನ ಶುಫ್ನರ್ ಚುಕ್ಕಿ, ಕಾಣುವುದೇ ಇಲ್ಲ. ನಮ್ಮಲ್ಲಿ ಹೆಚ್ಚು ಬರುವುದೇ ವೈವಾಕ್ಸ್, ಹಾಗಾಗಿ ಇದು ಸಣ್ಣ ನಷ್ಟ ಅಲ್ಲ. ಡಿಸ್ಟಿಲ್ಡ್ ವಾಟರಿಗೆ 7.2ರ ಬಫರ್ ಮಾತ್ರೆ ಹಾಕಿ, ಪಿಎಚ್ ಅಳೆದೇ ಬಳಸಿ.

ಕಾಳುಗಳು ಸ್ಟೇನಿನ ಗಸಿ. ಸ್ಟಾಕ್ (ನೀರು ಬೆರೆಸದ ಮೂಲ ಸ್ಟೇನ್) ಬಾಟಲಿ ಕುಲುಕಬಾರದು, ಒದ್ದೆ ಪಿಪೆಟ್ ಅದ್ದಲೇಬಾರದು. ಒಂದು ಹನಿ ನೀರು ಹೋದರೂ ಸ್ಟಾಕ್ ಕೆಡ್ತಾ ಹೋಗ್ತದೆ. ಬೇಕಾದಷ್ಟನ್ನು ಸಣ್ಣ ಬಾಟಲಿಗೆ ಸೋಸಿಕೊಳ್ಳಿ. ಕೆಲಸದ ದ್ರಾವಣ (ಬಫರ್ ನೀರು ಬೆರೆಸಿದ ಸ್ಟೇನ್) ಆಗಾಗಲೇ ಮಾಡಿ: 10 ಪರ್ಸೆಂಟಾದರೆ ಸುಮಾರು 10 ನಿಮಿಷ, 3 ಪರ್ಸೆಂಟಾದರೆ 45ರಿಂದ 60. ಸ್ಲೈಡ್ ಕಡಿಮೆ ಇದ್ದು ಅವಸರ ಇಲ್ಲದಿದ್ದರೆ 3 ಪರ್ಸೆಂಟೇ ಚೆಂದ, ಸ್ಟೇನೂ ಉಳೀತದೆ. ತೊಳೆಯುವಾಗ ಸ್ಟೇನನ್ನು ಬಗ್ಗಿಸಿ ಚೆಲ್ಲಬೇಡಿ, ಮೇಲಿನ ಕೆನೆ ಸ್ಮಿಯರಿಗೇ ಅಂಟಿಕೊಳ್ತದೆ. ಅಂಚಿನಿಂದ ಮೆಲ್ಲ ಬಫರ್ ನೀರು ಬಿಟ್ಟು ಕೆನೆಯನ್ನು ತೇಲಿಸಿ ಕಳಿಸಿ.

ಇನ್ನು ಎದ್ದು ಹೋಗುವುದು. ಒಂದೋ ರಕ್ತ ಜಾಸ್ತಿ, ಇಲ್ಲ ಸರಿಯಾಗಿ ಒಣಗಲಿಲ್ಲ. ಥಿಕ್‌ಗೆ 6 ಮೈಕ್ರೋಲೀಟರ್, 12 ಮಿ.ಮೀ. ಅಗಲದ ವೃತ್ತ ಸಾಕು. ಅಡಿಯಲ್ಲಿ ಪೇಪರ್ ಇಟ್ಟರೆ ಅಕ್ಷರ ಓದಲಿಕ್ಕೆ ಆಗಬೇಕು. ಆಟಿ ತಿಂಗಳ (ಜೋರು ಮಳೆಗಾಲದ) ಥಂಡಿಯಲ್ಲಿ ಒಣಗಲಿಕ್ಕೆ ತುಂಬಾ ಹೊತ್ತು ಬೇಕು, ಫ್ಯಾನಿನಡಿ ಸಮತಟ್ಟಾಗಿ ಇಡಿ. ಬಿಸಿ ಕೊಡುವ ಆಸೆ ಬೇಡ. ಬಿಸಿಗೆ ಕೆಂಪುಕಣ ಫಿಕ್ಸ್ (ಗಟ್ಟಿ) ಆಗಿಬಿಡ್ತದೆ, ಮತ್ತೆ ಸ್ಟೇನಿನ ನೀರಿಗೆ ಒಡೆಯುವುದಿಲ್ಲ, ಫೀಲ್ಡ್ (ಮೈಕ್ರೋಸ್ಕೋಪಿನಲ್ಲಿ ಒಂದು ಸಲಕ್ಕೆ ಕಾಣುವ ಜಾಗ) ಪೂರ್ತಿ ಮಬ್ಬು. ಒಂದೇ ಸ್ಲೈಡಿನಲ್ಲಿ ಥಿನ್ ಸ್ಮಿಯರೂ (ತೆಳು ಪದರ) ಮಾಡಿ, ಅದನ್ನು ಫಿಕ್ಸ್ ಮಾಡಲಿಕ್ಕೆ ಮೆಥನಾಲ್ ಹಾಕುವಾಗ ಥಿಕ್‌ಗೆ ತಾಗಿದರೂ ಇದೇ ಕತೆ, ಆವಿ ಕೂಡಾ ಸಾಕು. ಮೆಥನಾಲ್ ಬಾಟಲಿಯ ಮುಚ್ಚಳ ತೆರೆದಿಡಬೇಡಿ, ಗಾಳಿಯ ನೀರು ಎಳೆದುಕೊಳ್ತದೆ. ಆಮೇಲೆ ಥಿನ್‌ನ ಕೆಂಪುಕಣಗಳಲ್ಲಿ ಗುಳ್ಳೆಯ ಹಾಗೆ ಕಾಣ್ತದೆ.

ನೆಗೆಟಿವ್ ಬರೆಯುವ ಮೊದಲು ಎಣ್ಣೆ ಲೆನ್ಸಿನಲ್ಲಿ 100 ಫೀಲ್ಡ್ ನೋಡಲೇಬೇಕು. ಹತ್ತಿಪ್ಪತ್ತು ನೋಡಿ ಬರೆಯುವ ಲ್ಯಾಬಿಗೆ ಎಷ್ಟು ದುಬಾರಿ ಮೈಕ್ರೋಸ್ಕೋಪ್ ಕೊಟ್ಟರೂ ಎಂತ ಪ್ರಯೋಜನ?

ಮರುಪ್ರಶ್ನೆ (ಕಾರ್ಕಳ): ಸರ್, ಕಾರ್ಡ್ ಟೆಸ್ಟ್ (ಗೆರೆ ಮೂಡುವ ರ‍್ಯಾಪಿಡ್ ಟೆಸ್ಟ್) ಮಾತ್ರ ಮಾಡಿದರೆ ಆಗುವುದಿಲ್ವಾ?

ಉತ್ತರ: ರಾತ್ರಿ ಪಾಳಿಗೆ ಒಳ್ಳೆಯದೇ. ಆದರೆ ಫಾಲ್ಸಿಪಾರಂ (ಇನ್ನೊಂದು ಮಲೇರಿಯಾ ಜಾತಿ) ಪ್ಯಾರಸೈಟಿನ ಎಚ್‌ಆರ್‌ಪಿ2 ಪ್ರೋಟೀನ್ ತೋರಿಸುವ ಗೆರೆ ಗುಣ ಆದ ಮೇಲೂ ವಾರಗಟ್ಟಲೆ ಪಾಸಿಟಿವ್ ಇರ್ತದೆ, ಮದ್ದು ಹಿಡಿಯಿತಾ ಅಂತ ನೋಡಲಿಕ್ಕೆ ಸ್ಮಿಯರೇ ಬೇಕು. ಪೌಚ್ ಬಳಸುವ ಹೊತ್ತಿಗೇ ಹರಿಯಿರಿ. ಒಳಗಿನ ಸಿಲಿಕಾ ಬಣ್ಣ ಬದಲಾಗಿದ್ದರೆ ಬಿಸಾಡಿ. ಪ್ಯಾಕೆಟಿನಲ್ಲಿ ಹೇಳಿದ ಹೊತ್ತಿನೊಳಗೆ ಕಂಡ ತೆಳು ಗೆರೆಯೂ ಪಾಸಿಟಿವೇ. ಹೊತ್ತು ಮೀರಿ ಓದಿದ್ದಕ್ಕೆ ಬೆಲೆ ಇಲ್ಲ.

ಮರುಪ್ರಶ್ನೆ (ಬ್ರಹ್ಮಾವರ): ಗದ್ದೆ ಕೆಲಸದವರ ಜ್ವರ, ಮೂರನೇ ದಿನ ಲೆಪ್ಟೊ (ಇಲಿಜ್ವರ) ಐಜಿಎಂ (ಸೋಂಕಿನ ಮೊದಲಿಗೆ ಬರುವ ಆಂಟಿಬಾಡಿ) ನೆಗೆಟಿವ್. ಹಾಗೇ ರಿಪೋರ್ಟ್ ಕೊಡುವುದಾ?

ಉತ್ತರ: ಕೊಡಿ, ಆದರೆ ಕೆಳಗೆ ಬರೆಯಿರಿ: ‘ಜ್ವರದ 3ನೇ ದಿನದ ಮಾದರಿ, ನೆಗೆಟಿವ್ ಬಂದರೂ ಲೆಪ್ಟೊ ಇಲ್ಲ ಎನ್ನಲಾಗದು.’ ಐಜಿಎಂ ಸಾಮಾನ್ಯವಾಗಿ 5ರಿಂದ 7ನೇ ದಿನ ಕಳೆದ ಮೇಲೆ ಸಿಗುವುದು. ಮೊದಲ ವಾರ ರಕ್ತದ ಪಿಸಿಆರ್ ಆಗ್ತದಾದರೆ ಅದು ಉತ್ತಮ. ಆಗದಿದ್ದರೆ ಒಂದು ವಾರ ಬಿಟ್ಟು ಎರಡನೇ ಮಾದರಿ. ಅದು ಬರುವ ತನಕ ಮದ್ದು ನಿಲ್ಲಿಸಿ ಕೂರಬಾರದು, ಅದನ್ನು ಡಾಕ್ಟರ ಹತ್ತಿರ ಫೋನಿನಲ್ಲೇ ಹೇಳಿ. ನಿಮ್ಮ ಫಾರಂನಲ್ಲಿ ‘ಜ್ವರ ಶುರುವಾದ ದಿನಾಂಕ’ ಕಾಲಂ ಉಂಟಾ? ಇಲ್ಲದಿದ್ದರೆ ಇವತ್ತೇ ಸೀಲ್ ಮಾಡಿಸಿ ಒತ್ತಿ.